ಕೊಡುವ ಮೊದಲು ಒಮ್ಮೆ ನೋಡಿ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಮಂಗಳೂರಿನ ಒಂದು ಸಂಗ್ರಹ ಕೇಂದ್ರದಲ್ಲಿ ಎರಡು ದಿನ ಬಟ್ಟೆ ವಿಂಗಡಿಸುವ ಕೆಲಸ ನನಗೆ ಸಿಕ್ಕಿತ್ತು. ಗೋಣಿ ಬಿಚ್ಚಿದರೆ ಏನು ಸಿಗುತ್ತಿತ್ತು ಗೊತ್ತಾ? ಮದುವೆ ಕೋಟು. ಮಿಂಚು ಉದುರುತ್ತಿದ್ದ ಲೆಹೆಂಗಾ. ಜೋಡಿಯಿಲ್ಲದ ಚಪ್ಪಲಿ. ಜಿಪ್ ಹೋದ ಪ್ಯಾಂಟು. ಶಿಬಿರದವರು ಕೇಳುತ್ತಿದ್ದದ್ದು ಲುಂಗಿ, ನೈಟಿ, ಹೊಸ ಒಳಉಡುಪು, ಪ್ಯಾಡ್, ಬಕೆಟ್ಟು. ಕಳಿಸಿದವರು ಯಾರೂ ಕೆಟ್ಟವರಲ್ಲ. ಕೊಡುವಾಗ ಅವರ ಗಮನ ತಮ್ಮ ಕಪಾಟಿನ ಮೇಲಿತ್ತು, ಅಷ್ಟೇ. ಇದನ್ನು ಬರೆಯಲಿಕ್ಕೆ ಆ ಗೋಣಿಗಳೇ ಕಾರಣ.

ಮೊದಲು, ಗಮನ

ಮಾಡುವ ಕೆಲಸದ ಮೇಲೆ ಪೂರ್ತಿ ಗಮನ ಇಡುವುದಕ್ಕೆ ಮೈಂಡ್‌ಫುಲ್‌ನೆಸ್ ಎನ್ನುತ್ತಾರೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೈದ್ಯಕೀಯ ಕಾಲೇಜೊಂದರಲ್ಲಿ ಜಾನ್ ಕಬಟ್-ಝಿನ್ ಎಂಬವರು ಇದನ್ನು ಎಂಟು ವಾರಗಳ ತರಬೇತಿಯಾಗಿ ಶುರು ಮಾಡಿದರು. ಅದರಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮುಟ್ಟಿ, ಮೂಸಿ, ನಿಧಾನ ತಿನ್ನುವ ಪಾಠವಿದೆ. ನಮಗೆ ದ್ರಾಕ್ಷಿ ಯಾಕೆ, ಗೋಳಿಬಜೆ ಉಂಟಲ್ಲ! ಸಂಜೆ ಹೋಟೆಲಿನಲ್ಲಿ ಒಂದು ಪ್ಲೇಟ್ ತರಿಸಿ. ಮೊಬೈಲು ಚೀಲದೊಳಗೆ ಇರಲಿ. ಮೊದಲ ಗೋಳಿಬಜೆಯನ್ನು ಮುರಿದು ಹಬೆ ನೋಡಿ. ಹುಳಿಮಜ್ಜಿಗೆಯ ವಾಸನೆ, ಶುಂಠಿ, ಹಲ್ಲಿಗೆ ಸಿಗುವ ಕಾಯಿಚೂರು. ಮನಸ್ಸು ನಾಳಿನ ಇಎಂಐ ಕಡೆ ಓಡುತ್ತದೆ. ಓಡಿತು ಅಂತ ಗೊತ್ತಾದ ಕೂಡಲೇ ವಾಪಸ್ ಗೋಳಿಬಜೆಗೆ ಬನ್ನಿ. ಅಭ್ಯಾಸ ಅಂದರೆ ಈ ವಾಪಸ್ ಬರುವುದೇ. ಮನಸ್ಸು ಖಾಲಿ ಮಾಡಲಿಕ್ಕೆ ಹೊರಟವರು ಮೂರನೇ ದಿನಕ್ಕೆ ಬಿಟ್ಟುಬಿಡುತ್ತಾರೆ, ನಾನು ತುಂಬ ಜನರನ್ನು ನೋಡಿದ್ದೇನೆ.

ಧ್ಯಾನದ ಆ್ಯಪ್ ಬೇಡ. ನಾನು ಹಾಕಿಕೊಂಡಿದ್ದ ಒಂದು ಆ್ಯಪ್ ದಿನಕ್ಕೆ ಆರು ಸಲ ಗಂಟೆ ಬಾರಿಸಿ 'ಶಾಂತವಾಗಿರಿ' ಅನ್ನುತ್ತಿತ್ತು. ಇದ್ದ ಶಾಂತಿಯೂ ಹೋಯಿತು. ದಪ್ಪ ರಟ್ಟಿನ 'ಕೃತಜ್ಞತಾ ಡೈರಿ'ಗಳೂ ಹಾಗೆಯೇ, ಮೊದಲ ನಾಲ್ಕು ಪುಟ ತುಂಬುತ್ತವೆ.

ಆಮೇಲೆ, ದಯೆ

ಇದು ಸುಲಭ. ಸಿಟಿ ಬಸ್ಸಿಗೆ ಹತ್ತುವ ಮೊದಲು ಚಿಲ್ಲರೆ ಕೈಯಲ್ಲಿರಲಿ. ಮಳೆಯಲ್ಲಿ ನೆನೆದುಕೊಂಡು ಪಾರ್ಸೆಲ್ ತಂದ ಹುಡುಗನನ್ನು ಗೇಟಿನ ಹೊರಗೇ ನಿಲ್ಲಿಸಿ ಓಟಿಪಿ ಕೂಗಬೇಡಿ, ಜಗಲಿಗೆ ಕರೆಯಿರಿ. ನಮ್ಮ ಅಜ್ಜಿಯಂದಿರು ಯಾರು ಬಂದರೂ ಮೊದಲು ಬೆಲ್ಲ ನೀರು ಇಡುತ್ತಿದ್ದರು, ಯಾಕೆ ಬಂದಿರಿ ಅಂತ ಕೇಳುವುದು ಆಮೇಲೆ. ದಿನಾ ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಹೂವಿನ ಚಿತ್ರ ಕಳಿಸುವುದು ದಯೆಯ ಲೆಕ್ಕಕ್ಕೆ ಬರುವುದಿಲ್ಲ.

ಈಗ ಕಷ್ಟದ್ದು: ಕೊಡುವುದು

ಜಾಸ್ತಿ ಜನ ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ. ನಮ್ಮ ಮನೆಗೆ ಕೆಲಸಕ್ಕೆ ಬರುವವರಿಗೆ ಪ್ರತಿ ವರ್ಷ ಮಕ್ಕಳ ಹಳೆ ಬಟ್ಟೆಯ ಒಂದು ಗಂಟು ಕೊಡುತ್ತಿದ್ದೆ. ಒಮ್ಮೆ ಯಾಕೋ ಬಾಯಿ ಬಿಟ್ಟು ಕೇಳಿದೆ: "ಅಕ್ಕಾ, ಬಟ್ಟೆ ತೆಗೆದಿಟ್ಟಿದ್ದೇನೆ, ಬೇಕಾ?"

ಅವರು ಸ್ವಲ್ಪ ಹೊತ್ತು ನೆಲ ಒರೆಸುತ್ತಾ ಸುಮ್ನಿದ್ದರು. "ಬಟ್ಟೆ ತುಂಬ ಉಂಟಮ್ಮ. ಶಾಲೆಗೆ ಹೋಗ್ಲಿಕ್ಕೆ ಒಂದು ಕೊಡೆ ಇದ್ರೆ ಕೊಡಿ."

ನಾನು ಕೇಳುವಷ್ಟರಲ್ಲಿ ನಾಲ್ಕು ಮಳೆಗಾಲ ಕಳೆದಿತ್ತು.

ಹಾಗಾಗಿ ಮೊದಲು ಕೇಳಿ. ಆದರೆ 'ಏನಾದ್ರೂ ಬೇಕಾದ್ರೆ ಹೇಳಿ' ಅನ್ನಬೇಡಿ, ಯಾರೂ ಹೇಳುವುದಿಲ್ಲ. 'ಶಾಲೆ ಶುರುವಾಗ್ತದೆ, ಬ್ಯಾಗಾ ಕೊಡೆಯಾ?' ಅಂತ ಎರಡರಲ್ಲಿ ಒಂದು ಆರಿಸಲಿಕ್ಕೆ ಬಿಡಿ. ನಾಲ್ಕು ಜನರೆದುರು ಕೇಳಬೇಡಿ. 'ಬೇಡ' ಅಂದರೆ ಅಲ್ಲಿಗೆ ಮುಗಿಯಿತು, ಒತ್ತಾಯ ಮಾಡಬೇಡಿ.

ಬಟ್ಟೆಯೇ ಕೊಡುವುದಾದರೆ ಒಗೆದು, ಗುಂಡಿ ಹೊಲಿದು, ಇಸ್ತ್ರಿ ಹಾಕಿ ಮಡಚಿ. ಇಷ್ಟು ಮಾಡಲಿಕ್ಕೆ ಬೇಜಾರು ಬಂದರೆ ಆ ಬಟ್ಟೆ ನೆಲ ಒರೆಸಲಿಕ್ಕೆ ಲಾಯಕ್ಕು ಅಂತ ಲೆಕ್ಕ. ಒಳಉಡುಪು ಯಾವತ್ತೂ ಹೊಸದೇ ಆಗಬೇಕು. ಅರ್ಧ ಮುಗಿದ ಮಾತ್ರೆಯ ಪಟ್ಟಿ, ಸಿರಪ್ ಬಾಟಲಿ ಕೊಡಲೇಬೇಡಿ.

ಮದುವೆ, ಮುಂಜಿ, ಗೃಹಪ್ರವೇಶದಲ್ಲಿ ಉಳಿದ ಊಟದ್ದು ಇನ್ನೊಂದು ಕತೆ. ಮಧ್ಯಾಹ್ನ ಉಳಿದದ್ದನ್ನು ಸಂಜೆ ಐದಕ್ಕೆ ಆಶ್ರಮಕ್ಕೆ ಒಯ್ಯುತ್ತಾರೆ. ನಮ್ಮ ಕರಾವಳಿಯ ಸೆಕೆಯಲ್ಲಿ ಕಾಯಿ ಅರೆದು ಹಾಕಿದ ಪದಾರ್ಥ ಎಲ್ಲಕ್ಕಿಂತ ಮೊದಲು ಹಳಸುತ್ತದೆ. ಬೇಯಿಸಿದ ಅನ್ನವೂ ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇರಬಾರದು. ಕೊನೆಯ ಪಂಕ್ತಿಗೆ ಎಲೆ ಹಾಕುವಾಗಲೇ ಫೋನು ಮಾಡಿ, 'ಇಷ್ಟು ಜನಕ್ಕೆ ಆಗುವಷ್ಟು ಉಂಟು, ನಿಮ್ಮಲ್ಲಿ ಅಡುಗೆ ಆಗಿದೆಯಾ?' ಅಂತ ಕೇಳಿ. ಅಲ್ಲಿ ಅಡುಗೆಯಾಗಿದ್ದರೆ ನಿಮ್ಮ ಊಟ ಅವರಿಗೆ ಇನ್ನೊಂದು ತಲೆನೋವು. ಪಾಯಸ ಬಡಿಸಿದ ಸೌಟನ್ನೇ ಸಾಂಬಾರಿಗೆ ಹಾಕಿರುವ ಪಾತ್ರೆ ಕಳಿಸಬೇಡಿ, ಇದನ್ನೂ ನೋಡಿಯೇ ಹೇಳುತ್ತಿದ್ದೇನೆ.

ಏನು ಕೊಡಬೇಕೆಂದು ಹೊಳೆಯದಿದ್ದರೆ ರಕ್ತ ಕೊಡಿ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಹುಟ್ಟುಹಬ್ಬಕ್ಕೇ ಕೊಡಬೇಕೆಂದು ಕಾಯಬೇಡಿ. ಮಳೆಗಾಲದಲ್ಲಿ ಡೆಂಗಿ ಜಾಸ್ತಿಯಾಗುವಾಗ ಪ್ಲೇಟ್‌ಲೆಟ್ ಬೇಕಾಗುತ್ತದೆ, ಅದನ್ನು ತೆಗೆದಿಟ್ಟರೆ ಉಳಿಯುವುದು ಐದೇ ದಿನ.

ಕೊಡುವ ಗಳಿಗೆಯಲ್ಲಿ ಫೋಟೋ ಬೇಡ. ಉಳಿದದ್ದರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಆದರೂ ಸರಿ, ಇದರಲ್ಲಿ ರಾಜಿ ಇಲ್ಲ. ಐದು ಕಿಲೋ ಅಕ್ಕಿ ಚೀಲವನ್ನು ಎಂಟು ಜನ ಹಿಡಿದುಕೊಂಡು ಕ್ಯಾಮೆರಾ ನೋಡುತ್ತಾರೆ, ತೆಗೆದುಕೊಳ್ಳುವ ಅಜ್ಜಿ ಮಾತ್ರ ನೆಲ ನೋಡುತ್ತಾರೆ. ಲೆಕ್ಕಕ್ಕೆ ಬೇಕಾದರೆ ಅಂಗಡಿ ಬಿಲ್ಲಿನ ಫೋಟೋ ಸಾಕು.

ಹರೇಕಳ ಹಾಜಬ್ಬ ಅವರ ಕತೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬುಟ್ಟಿಯಲ್ಲಿ ಕಿತ್ತಳೆ ಮಾರುವಾಗ ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು, ಇವರಿಗೆ ಅರ್ಥವಾಗಲಿಲ್ಲ. ತನಗೆ ಸಿಗದ ಶಾಲೆ ತನ್ನೂರು ನ್ಯೂಪಡ್ಪುವಿನ ಮಕ್ಕಳಿಗೆ ಸಿಗಬೇಕು ಅಂತ ಕಿತ್ತಳೆ ಮಾರಿದ ದುಡ್ಡು ಕೂಡಿಟ್ಟು ಶಾಲೆ ಕಟ್ಟಿಸಲಿಕ್ಕೆ ಹೊರಟರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಹೆಸರು ಬಂತು. ನನಗೆ ಇದರಲ್ಲಿ ಇಷ್ಟವಾಗುವುದು ಬೇರೆಯೇ ಒಂದು ವಿಷಯ. ಅವರು ಊರಿಗೆ ಕೊಟ್ಟದ್ದು ಉಳಿದ ಕಿತ್ತಳೆಯನ್ನಲ್ಲ.

ಕೊನೆಗೆ, ತೆಗೆದುಕೊಳ್ಳುವುದು

ಪಕ್ಕದ ಮನೆಯವರು ಪತ್ರೊಡೆ ಕಳಿಸಿದರೆ 'ಅಯ್ಯೋ, ಯಾಕೆ ಸುಮ್ನೆ ಕಷ್ಟ ತೆಗೊಂಡಿರಿ' ಅಂತ ಹತ್ತು ಸಲ ಹೇಳಬೇಡಿ. ತಿಂದು, ಖಾರ ಸರಿ ಇತ್ತಾ ಅಂತ ಹೇಳಿ. ಪಾತ್ರೆ ಖಾಲಿ ವಾಪಸ್ ಹೋಗಬಾರದು, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಇರಲಿ. ನೀವು ಕಳಿಸುವಾಗ ಆ ಲೆಕ್ಕ ಅವರ ತಲೆ ಮೇಲೆ ಬೇಡ ಅನಿಸಿದರೆ ಖಾಲಿ ಐಸ್‌ಕ್ರೀಂ ಡಬ್ಬದಲ್ಲಿ ಕಳಿಸಿ. ಗಸಿಯಂಥ ಬಿಸಿ ಪದಾರ್ಥ ಮಾತ್ರ ಅದಕ್ಕೆ ಹಾಕಬೇಡಿ, ಡಬ್ಬ ಸೊಟ್ಟಗಾಗುತ್ತದೆ.