ಗಂಜಿ ಬಿಡದೆ ಅಕ್ಕಿ ಇಳಿಸುವುದು ಹೇಗೆ?

ಕಾಸರಗೋಡಿನ ನಮ್ಮ ಮನೆಗಳಲ್ಲಿ ಅಕ್ಕಿ ದಿನಕ್ಕೆ ಮೂರು ವೇಷ ಕಟ್ಟುತ್ತದೆ: ಬೆಳಗ್ಗೆ ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿ ಗಂಜಿ. ಅಡಕೆ ಹೆಕ್ಕಿ, ಗುಡ್ಡದಿಂದ ಸೊಪ್ಪು ಹೊತ್ತು ತರುತ್ತಿದ್ದ ಕಾಲದಲ್ಲಿ ಅದು ಮೈಗೆ ದಕ್ಕುತ್ತಿತ್ತು. ಈಗ ಮೈಮುರಿಯುವ ಕೆಲಸ ಕಡಿಮೆ. ಬಡಿಸುವ ಸೌಟು ಅದೇ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಎಂಬ ದೇಶವ್ಯಾಪಿ ಮಧುಮೇಹ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹದ ಪ್ರಮಾಣ ಶೇ 11.4, ಕೇರಳದಲ್ಲಿ ಶೇ 25.5. ಹಾಗಾಗಿ ಊಟದಲ್ಲಿ ಅಕ್ಕಿಯ ಪಾಲು ಕಡಿಮೆ ಮಾಡುವ ದಾರಿ ಇಲ್ಲಿದೆ.

ಮೊದಲು ಮದ್ದಿನ ಮಾತು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕಾಣದೆ ಅನ್ನ ಇಳಿಸಬೇಡಿ. ಮದ್ದು ಹಾಗೆಯೇ ಮುಂದುವರಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಪಾಗ್ಲಿಫ್ಲೋಜಿನ್ ಜಾತಿಯ (ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ) ಮಾತ್ರೆಯ ಜೊತೆ ಪಿಷ್ಟ, ಅಂದರೆ ಕಾರ್ಬೋಹೈಡ್ರೇಟ್, ತೀರಾ ಇಳಿಸಿದರೆ ರಕ್ತ ಆಮ್ಲೀಯವಾಗುವ ಭಯವಿದೆ. ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು ಕೂಡ ಕೇಳಿಯೇ ಮುಂದುವರಿಯಿರಿ.

ಹಂತ 1: ತೂಗಿ ನೋಡಿ

ಮೂರು ದಿನ ಏನನ್ನೂ ಬದಲಿಸದೆ, ಬೇಯಿಸುವ ಮೊದಲು ಅಕ್ಕಿ ತೂಗಿ ತಲೆಗೆಷ್ಟು ಎಂದು ಬರೆದಿಡಿ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಬೆಳ್ತಿಗೆ (ಬಿಳಿ ಅಕ್ಕಿ) ಆದರೂ ಕುಚ್ಚಲಕ್ಕಿಯಾದರೂ ಈ ಲೆಕ್ಕ ಹೆಚ್ಚು ಬದಲಾಗದು. "ರಾತ್ರಿ ಬರೇ ಗಂಜಿ" ಎನ್ನುತ್ತಿದ್ದ ನನ್ನ ಅಮ್ಮನ ಬಟ್ಟಲಿನ ಪಾಲು 120 ಗ್ರಾಂ ಅಕ್ಕಿ. ಅಮ್ಮ ನಂಬಲಿಲ್ಲ, ಮರುದಿನ ತಾವೇ ತೂಗಿದರು.

ಹಂತ 2: ಬಡಿಸುವ ಕ್ರಮ ತಿರುಗಿಸಿ

ನನ್ನ ಮಟ್ಟಿಗೆ ಇದೇ ಮುಖ್ಯ. ಬಟ್ಟಲಿಗೆ ಮೊದಲು ಅನ್ನ ಬೀಳುವುದರಿಂದ ಪಲ್ಯ ನಂಜಿಕೊಳ್ಳುವಷ್ಟಕ್ಕೇ ನಿಲ್ಲುತ್ತದೆ. ಮೊದಲು ಅರ್ಧ ಬಟ್ಟಲು ತರಕಾರಿ ಹಾಕಿ: ತೊಂಡೆ, ಅಲಸಂಡೆ, ಬಾಳೆದಿಂಡು, ಬಸಳೆ. ಎಳೆ ಗುಜ್ಜೆಯ (ಹಲಸಿನ ಕಾಯಿಯ) ಪಲ್ಯ ಇದಕ್ಕೆ ಬಹಳ ಒಳ್ಳೆಯದು, ಆದರೆ ಬಲಿತ ಹಲಸು, ಮರಗೆಣಸು ಅನ್ನದ ಲೆಕ್ಕಕ್ಕೇ ಸೇರಬೇಕು. ಬಳಿಕ ಬಂಗುಡೆ, ಬೂತಾಯಿ ಮೀನು ಅಥವಾ ಮೊಟ್ಟೆ. ಸಸ್ಯಾಹಾರಿಗಳಿಗೆ ಪನೀರ್, ಮೊಸರು, ಹೆಸರುಕಾಳಿನ ಗಸಿ. ಕಾಳಿನಲ್ಲೂ ಪಿಷ್ಟವಿದೆ, ಆದರೆ ಪ್ರೋಟೀನು, ನಾರು ಜೊತೆಗಿರುತ್ತವೆ. ಅನ್ನ ಕೊನೆಗೆ, ಮೊದಲಿನ ಅರ್ಧದಷ್ಟು. ಎರಡು ವಾರದ ನಂತರ ಇನ್ನೊಂದು ಸೌಟು ಇಳಿಸಿ. ರಾತ್ರಿಯೂ ಇದೇ ಕ್ರಮ; ಗಂಜಿಯಲ್ಲಿ ಅಗುಳು ಕಡಿಮೆಯಿರಲಿ, ಬದಿಗೆ ಒಂದೆಲಗದ ತಂಬುಳಿ ಇರಲಿ.

ಹಂತ 3: ಬೆಳಗ್ಗೆ ಮತ್ತು ನಡುಹೊತ್ತು

ಆರು ನೀರುದೋಸೆಯ ಜಾಗಕ್ಕೆ ಎರಡು ದೋಸೆ, ಎರಡು ಮೊಟ್ಟೆ. ಇಲ್ಲವೇ ಹೆಸರುಕಾಳು ಅರೆದ ದೋಸೆ. ಚಾಯಕ್ಕೆ ಎರಡೆರಡು ಚಮಚ ಸಕ್ಕರೆ ಹಾಕಿ ದಿನಕ್ಕೆ ನಾಲ್ಕು ಕುಡಿದರೆ 32 ಗ್ರಾಂ ಆಯಿತು. ಹಲಸಿನ ಚಿಪ್ಸ್, ಪಳಂಪೊರಿ (ಬಾಳೆಹಣ್ಣಿನ ಬಜ್ಜಿ) ಮನೆಗೆ ತರದಿದ್ದರೇ ಸುಖ.

ಹಂತ 4: ತೂಕದ ಮುಳ್ಳನ್ನು ಅರ್ಥಮಾಡಿಕೊಳ್ಳಿ

ಮೊದಲ ವಾರ ಎರಡು ಕಿಲೋ ಇಳಿದರೆ ಹಿಗ್ಗಬೇಡಿ, ಬಹುಪಾಲು ನೀರು. ದೇಹ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಪಿಷ್ಟ ನೀರನ್ನೂ ಹಿಡಿದಿಟ್ಟಿರುತ್ತದೆ. ಅದು ಖರ್ಚಾದಾಗ ನೀರೂ ಹೋಗುತ್ತದೆ. ತಲೆನೋವು, ಸುಸ್ತು, ಮಲಬದ್ಧತೆ ಕೆಲವರಿಗೆ ಬರುತ್ತವೆ. ಸಾಕಷ್ಟು ನೀರು, ಮಜ್ಜಿಗೆ ಕುಡಿಯಿರಿ.

ಈ ಊಟದಲ್ಲಿ ಮಾಯೆಯೇನೂ ಇಲ್ಲ. 2018ರಲ್ಲಿ ಸ್ಟ್ಯಾನ್‌ಫರ್ಡ್‌ನವರು 609 ಮಂದಿಯನ್ನು ಒಂದು ವರ್ಷ ಗಮನಿಸಿದಾಗ ಕೊಬ್ಬು ಇಳಿಸಿದವರು ಸರಾಸರಿ 5.3 ಕಿಲೋ, ಪಿಷ್ಟ ಇಳಿಸಿದವರು 6 ಕಿಲೋ ಕಳೆದುಕೊಂಡರು, ಹೇಳಿಕೊಳ್ಳುವಂಥ ಅಂತರವಲ್ಲ. ಆದರೆ ಮೂರು ಹೊತ್ತೂ ಅಕ್ಕಿಯೇ ಇರುವ ನಮ್ಮಲ್ಲಿ ಕಡಿತ ಮಾಡಲು ದೊಡ್ಡ ಜಾಗ ಇರುವುದು ಅಲ್ಲೇ. ಊಟದ ನಂತರದ ಸಕ್ಕರೆ ಏರುವುದೂ ತಗ್ಗುತ್ತದೆ.

ಅನ್ನ ಇಳಿಯಿತೆಂದು ತೆಂಗಿನೆಣ್ಣೆ ಸುರಿಯಬೇಡಿ, ಅದರ ಕೊಬ್ಬು ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ. ಶುರುಮಾಡುವ ಮೊದಲು ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮತ್ತು ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ಮೂರು ತಿಂಗಳ ನಂತರ ಮತ್ತೆ ಮಾಡಿಸಿ, ಎರಡೂ ಚೀಟಿಗಳನ್ನು ವೈದ್ಯರ ಮುಂದಿಡಿ.