ವಿಕಿಪೀಡಿಯದಲ್ಲಿ ವಿಶ್ವವಿದ್ಯಾಲಯದ ಪುಟ: ಹೆಸರು ಬದಲಿಸುವ ಮುನ್ನ ಇಷ್ಟು ನೋಡಿ

ಎರಡು ವರ್ಷದ ಹಿಂದೆ ತುಮಕೂರಿನ ಒಂದು ಕಾಲೇಜಿಗೆ ಮಕ್ಕಳಿಗೆ ವಿಕಿಪೀಡಿಯ ಹೇಳಿಕೊಡಲು ಹೋಗಿದ್ದೆ. ಊಟಕ್ಕೆ ಬಿಟ್ಟಾಗ ಒಬ್ಬ ಹುಡುಗ ಹತ್ತಿರ ಬಂದು, "ಸಾರ್, ಯೂನಿವರ್ಸಿಟಿ ಪುಟದ ಹೆಸರು ಹಳೇದಿತ್ತು, ನಾನೇ ಸರಿಮಾಡಿಬಿಟ್ಟೆ" ಅಂದ. ತೆರೆದು ನೋಡಿದೆ. ಹಳೇ ಪುಟದಲ್ಲಿದ್ದುದನ್ನೆಲ್ಲ ಕಾಪಿ ಮಾಡಿದ್ದ. ಹೊಸ ಹೆಸರಿನಲ್ಲಿ ಇನ್ನೊಂದು ಪುಟ ತೆರೆದು ಅಂಟಿಸಿದ್ದ. ಹಳೆಯದನ್ನು ಖಾಲಿ ಮಾಡಿದ್ದ. ಅವನಿಗೆ ಅದು ಹದಿನೈದು ನಿಮಿಷದ ಕೆಲಸ. ಮತ್ತೆ ಮೊದಲಿನಂತೆ ಮಾಡಲು ನನಗೂ ಒಬ್ಬ ನಿರ್ವಾಹಕರಿಗೂ (ವಿಕಿಪೀಡಿಯದಲ್ಲಿ ಹೆಚ್ಚಿನ ಅಧಿಕಾರ ಇರುವ ಸದಸ್ಯರು) ಸೇರಿ ಎರಡು ಸಂಜೆ ಹಿಡಿಯಿತು.

ಹುಡುಗನನ್ನು ಬೈಯಲಿಲ್ಲ. ಯಾಕೆಂದರೆ ಆಮೇಲೆ ಕೋಲಾರದಲ್ಲೂ ಚಿಕ್ಕಬಳ್ಳಾಪುರದಲ್ಲೂ ಪಾಠ ಮಾಡುವವರೇ ಇದೇ ತಪ್ಪು ಮಾಡಿದ್ದನ್ನು ಕಂಡೆ. ಅದಕ್ಕೇ ಈ ಲೇಖನ.

ಖಾತೆ ಮತ್ತು ಕೀಲಿಮಣೆ

ಖಾತೆ ತೆರೆಯುವುದು ಎರಡು ನಿಮಿಷದ ಕೆಲಸ. ಸಂಸ್ಥೆಯ ಹೆಸರಿನಲ್ಲಿ ತೆರೆಯಬೇಡಿ, ಒಬ್ಬ ಮನುಷ್ಯನ ಖಾತೆಯಾಗಿರಲಿ. ಕನ್ನಡ ಟೈಪಿಂಗ್ ವಿಕಿಪೀಡಿಯದ ಒಳಗೇ ಇದೆ. ಬರೆಯುವ ಜಾಗದಲ್ಲಿ ಕಂಟ್ರೋಲ್ ಒತ್ತಿಕೊಂಡು ಎಮ್ ಒತ್ತಿದರೆ ಶುರುವಾಗುತ್ತದೆ.

ಹೊಸ ಖಾತೆಗೆ ಪುಟದ ಹೆಸರು ಬದಲಿಸುವ ಅಧಿಕಾರ ತಕ್ಷಣ ಸಿಗುವುದಿಲ್ಲ. ನಾಲ್ಕು ದಿನ ಕಾಯಬೇಕು. ಇಂಗ್ಲಿಷ್ ವಿಕಿಪೀಡಿಯದಲ್ಲಾದರೆ ಅದರ ಜೊತೆಗೆ ಹತ್ತು ಸಂಪಾದನೆಯೂ ಆಗಿರಬೇಕು. ಕಾಪಿ ಮಾಡಿ ಅಂಟಿಸುವ ಅಡ್ಡದಾರಿ ಹುಟ್ಟುವುದೇ ಇಲ್ಲಿ. ಪುಟದ ಹೆಸರು ಬದಲಿಸುವ 'ಸ್ಥಳಾಂತರಿಸಿ' ಎಂಬ ಆಯ್ಕೆ ಕಾಣಲಿಲ್ಲ, ಸರಿ, ನಾನೇ ಹೊಸ ಪುಟ ಮಾಡ್ತೀನಿ ಅಂತ ಹೊರಡುತ್ತಾರೆ. ಹೊರಡಬೇಡಿ. ಆ ನಾಲ್ಕು ದಿನ ಕಾಗುಣಿತ ತಿದ್ದಿ.

ಇನ್ನೊಂದು ಮಾತು. ಈ ಕೆಲಸ ಮೊಬೈಲಿನಲ್ಲಿ ಬೇಡ. ಆಗುವುದಿಲ್ಲ ಅಂತಲ್ಲ. ನಾಲ್ಕು ಕಿಟಕಿ ಒಟ್ಟಿಗೆ ತೆರೆದಿಟ್ಟುಕೊಳ್ಳಬೇಕು, ಹೆಬ್ಬೆರಳಿಗೆ ಅದು ಒಗ್ಗುವ ಕೆಲಸವಲ್ಲ.

ಹೆಸರು ಯಾವುದು?

ಜಾಸ್ತಿ ಜನ ಎಡವುವುದು ಇಲ್ಲಿ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಹೆಸರಿನ ಇಂಗ್ಲಿಷ್ ರೂಪ ಬದಲಾಯಿತು. 'ಟುಮ್ಕುರ್' ಹೋಗಿ 'ತುಮಕೂರು' ಬಂತು. ಅಂದಿನಿಂದ ಕಂಡಲ್ಲೆಲ್ಲ ಹಳೇ ಸ್ಪೆಲ್ಲಿಂಗ್ ತಿದ್ದುವ ಉತ್ಸಾಹ ಶುರುವಾಯಿತು.

ಆದರೆ ಊರಿನ ಹೆಸರು ಬದಲಾದ ಮಾತ್ರಕ್ಕೆ ಊರಲ್ಲಿರುವ ಸಂಸ್ಥೆಯ ಹೆಸರು ತಾನಾಗಿ ಬದಲಾಗುವುದಿಲ್ಲ. ಸರ್ಕಾರಿ ವಿಶ್ವವಿದ್ಯಾಲಯದ ಹೆಸರು ಕಾಯ್ದೆಯಲ್ಲಿ ಇರುತ್ತದೆ. ನಮ್ಮಲ್ಲಿ ಅದು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ. ಹೆಸರು ಬದಲಾಗಬೇಕಾದರೆ ಕಾಯ್ದೆಗೆ ತಿದ್ದುಪಡಿ ಆಗಬೇಕು. ಊರು ಕಲಬುರಗಿ ಆಯಿತು, ಗುಲ್ಬರ್ಗ ವಿಶ್ವವಿದ್ಯಾಲಯ ಗುಲ್ಬರ್ಗವಾಗಿಯೇ ಉಳಿಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು ನೋಡಿ. ಇಂಗ್ಲಿಷಿನಲ್ಲಿ ಅದರ ಹೆಸರು 'ಕರ್ನಾಟಕ್', ಕೊನೆಯಲ್ಲಿ ಒಂದು 'ಎ' ಕಡಿಮೆ. ಅದು ಅಚ್ಚಿನ ತಪ್ಪು ಅಂದುಕೊಂಡು ತಿದ್ದಿದವರಿದ್ದಾರೆ. ಅದು ತಪ್ಪಲ್ಲ, ಅದೇ ಹೆಸರು.

ಕನ್ನಡ ವಿಕಿಪೀಡಿಯದಲ್ಲಿ ಈ ತಲೆನೋವು ಅರ್ಧ ಕಡಿಮೆ. ನಮಗೆ ತುಮಕೂರು ಯಾವಾಗ ಬೇರೆ ಏನಾಗಿತ್ತು? ಇಲ್ಲಿರುವ ಜಗಳವೇ ಬೇರೆ: 'ವಿಶ್ವವಿದ್ಯಾಲಯ'ವೋ 'ವಿಶ್ವವಿದ್ಯಾನಿಲಯ'ವೋ? ಬೋರ್ಡಿನಲ್ಲಿ ಒಂದು, ಪತ್ರಿಕೆಯಲ್ಲಿ ಇನ್ನೊಂದು, ಬಾಯಲ್ಲಿ 'ವಿವಿ'. ವ್ಯಾಕರಣ ತೆಗೆದು ವಾದಕ್ಕೆ ಕೂತರೆ ಬೆಳಗಾಗುತ್ತದೆ. ನನ್ನ ಪದ್ಧತಿ ಸರಳ. ಆ ಸಂಸ್ಥೆ ತನ್ನ ಪದವಿ ಪ್ರಮಾಣಪತ್ರದಲ್ಲಿ ಕನ್ನಡದಲ್ಲಿ ಹೇಗೆ ಬರೆದುಕೊಂಡಿದೆಯೋ ಹಾಗೇ ತಲೆಬರಹ. ಇನ್ನೊಂದು ರೂಪದಲ್ಲಿ ಹುಡುಕಿ ಬಂದವರಿಗೆ ಪುನರ್ನಿರ್ದೇಶನ, ಅಂದರೆ ಸರಿಯಾದ ಪುಟಕ್ಕೆ ತಾನಾಗಿ ಕಳಿಸುವ ಪುಟ, ಇದ್ದರೆ ಸಾಕು. ಇದಕ್ಕೆ ಒಪ್ಪದವರೂ ಇದ್ದಾರೆ, ಪತ್ರಿಕೆಗಳಲ್ಲಿ ಬಳಕೆಯಲ್ಲಿರುವುದೇ ಇರಲಿ ಎನ್ನುತ್ತಾರೆ. ಇಂಗ್ಲಿಷ್ ವಿಕಿಪೀಡಿಯದ ನಿಯಮವೂ ಅವರ ಕಡೆಗೇ ವಾಲುತ್ತದೆ. ನಂಬಬಹುದಾದ ಬರಹಗಳಲ್ಲಿ ಹೆಚ್ಚು ಬಳಕೆಯಾಗುವ ಹೆಸರಿಗೆ ಅಲ್ಲಿ ಮೊದಲ ಮಣೆ, ಸರ್ಕಾರಿ ಹೆಸರಿಗಲ್ಲ. ಅಲ್ಲಿಗೆ ಹೋಗಿ "ಗೆಜೆಟ್‌ನಲ್ಲಿದೆ" ಅಂತ ಕೂಗಾಡಿ ಪ್ರಯೋಜನವಿಲ್ಲ. ಹೊಸ ಹೆಸರನ್ನು ಪತ್ರಿಕೆಗಳು ಬಳಸುತ್ತಿವೆ ಎಂದು ತೋರಿಸಬೇಕು.

ಕೋಲಾರದವರಿಗೆ ಇನ್ನೊಂದು ಗೊಂದಲ. 2017ರಲ್ಲಿ ಹುಟ್ಟಿದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕೇಂದ್ರ ಇರುವುದು ಕೋಲಾರದ ಟಮಕದಲ್ಲಿ. ಬೆಂಗಳೂರು ವಿವಿಯನ್ನು ಮೂರು ಮಾಡಿದಾಗ ಆ ಹೆಸರು ಬಂತು. ಊರಿನವರು ಅದನ್ನು ಕೋಲಾರ ಯೂನಿವರ್ಸಿಟಿ ಅಂತಲೇ ಕರೆಯುತ್ತಾರೆ. ಅಭಿಮಾನ ಒಳ್ಳೆಯದೇ. ಆದರೆ ತಲೆಬರಹದಲ್ಲಿ ಅದಕ್ಕೆ ಜಾಗವಿಲ್ಲ. ಇದರ ಮೇಲೆ, 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣ ಆದಾಗ ನಮ್ಮ ತುಮಕೂರನ್ನೂ ಬೆಂಗಳೂರು ಉತ್ತರ ಮಾಡುವ ಮಾತು ಬಂತು. ಹಾಗೆ ಆದರೆ ಬೆಂಗಳೂರು ಉತ್ತರ ವಿವಿ ಕೋಲಾರದಲ್ಲಿ, ಬೆಂಗಳೂರು ಉತ್ತರ ಜಿಲ್ಲೆ ತುಮಕೂರಿನಲ್ಲಿ! ಮಂತ್ರಿಗಳ ಮಾತು ಸುದ್ದಿ, ಸಚಿವ ಸಂಪುಟದ ಒಪ್ಪಿಗೆಯೂ ಸುದ್ದಿಯೇ. ಸುದ್ದಿ ಕೇಳಿ ಪುಟದ ಹೆಸರು ಬದಲಿಸಬೇಡಿ. ಬೇಕಾದರೆ ಪುಟದೊಳಗೆ ಒಂದು ವಾಕ್ಯ ಸೇರಿಸಿ, ತಾರೀಖು ಹಾಕಿ.

ಮೊದಲು ಕೇಳಿ, ಆಮೇಲೆ ಬದಲಿಸಿ

ಹೆಸರು ಖಚಿತವಾಯಿತು ಅಂದುಕೊಳ್ಳಿ. ಪುಟದ 'ಚರ್ಚೆ' ಭಾಗಕ್ಕೆ ಹೋಗಿ ಮೂರು ಸಾಲು ಬರೆಯಿರಿ: ಈಗಿನ ಹೆಸರು ಇದು, ಹೊಸದು ಇದು, ಆಧಾರ ಇದು. ಒಂದು ವಾರ ಬಿಡಿ. ಕನ್ನಡದಲ್ಲಿ ಸಕ್ರಿಯ ಸಂಪಾದಕರು ಕಡಿಮೆ, ಚರ್ಚೆ ಪುಟದಲ್ಲಿ ಯಾರೂ ಉತ್ತರಿಸದೆ ಇರಬಹುದು. ಆಗ 'ಅರಳಿ ಕಟ್ಟೆ'ಯಲ್ಲಿ ಹೇಳಿ. ಕನ್ನಡ ವಿಕಿಪೀಡಿಯದವರ ಪಂಚಾಯಿತಿ ಜಾಗದ ಹೆಸರೇ ಅದು. ಇಂಗ್ಲಿಷಿನಲ್ಲಿ ತಕರಾರು ಇರುವ ಹೆಸರಿಗೆ ಔಪಚಾರಿಕ ಕೋರಿಕೆ ಸಲ್ಲಿಸುವ ಕ್ರಮವಿದೆ, ಸಾಮಾನ್ಯವಾಗಿ ಏಳು ದಿನ ಚರ್ಚೆ ನಡೆಯುತ್ತದೆ.

ಸ್ಥಳಾಂತರ

ಆಕ್ಷೇಪ ಇಲ್ಲವೆಂದರೆ ಪುಟದ ಮೇಲಿರುವ ಪಟ್ಟಿಯಲ್ಲಿ 'ಸ್ಥಳಾಂತರಿಸಿ' ಒತ್ತಿ. ಹೊಸ ಹೆಸರು ಬರೆಯುವ ಚೌಕ ಬರುತ್ತದೆ. ಅಲ್ಲಿ ಒಂದೊಂದು ಅಕ್ಷರವನ್ನೂ ಎರಡು ಸಲ ಓದಿ. 'ವಿಶ್ವವಿದ್ಯಾಲಯ'ದಲ್ಲಿ ಒಂದು 'ವಿ' ಬಿಟ್ಟು ಸ್ಥಳಾಂತರಿಸಿ, ಮತ್ತೆ ಸ್ಥಳಾಂತರಿಸಿ, ಎರಡು ಪುನರ್ನಿರ್ದೇಶನ ಪುಟ ಹುಟ್ಟಿಸಿದವರನ್ನು ಕಂಡಿದ್ದೇನೆ. ಹೆಸರಿನ ಕೊನೆಗೆ ಪೂರ್ಣವಿರಾಮ ಬೇಡ. ಕಾರಣದ ಜಾಗದಲ್ಲಿ "ಸರಿಪಡಿಸಿದೆ" ಅಂತ ಬರೆದು ಬಿಡಬೇಡಿ. "ಚರ್ಚೆ ಪುಟದಲ್ಲಿ ತಿಳಿಸಿದಂತೆ, ಕಾಯ್ದೆಯ ತಿದ್ದುಪಡಿಯ ಪ್ರಕಾರ" ಅಂತ ಬರೆಯಿರಿ. ಚರ್ಚೆ ಪುಟವನ್ನೂ ಜೊತೆಗೆ ಒಯ್ಯುವ ಗುರುತು ಹಾಗೇ ಇರಲಿ.

ಕಾಪಿ ಮಾಡಿ ಅಂಟಿಸಿದರೆ ಏನು ನಷ್ಟ ಅಂತ ಆ ಹುಡುಗನೂ ಕೇಳಿದ. ಮೂರು ನಷ್ಟ ಹೇಳಿದೆ. ಒಂದು, ಪುಟದ ಇತಿಹಾಸ ಹಳೇ ಕಡೆಯೇ ಉಳಿಯುತ್ತದೆ. ಯಾರು ಯಾವ ಸಾಲು ಬರೆದರು ಎಂಬ ಲೆಕ್ಕ ಅದು. ಹೊಸ ಪುಟದಲ್ಲಿ ಹತ್ತು ವರ್ಷದ ದುಡಿಮೆಯೆಲ್ಲ ನಿಮ್ಮೊಬ್ಬರ ಹೆಸರಿಗೆ ಬಂದುಬಿಡುತ್ತದೆ. ವಿಕಿಪೀಡಿಯದ ಬರಹ ಇರುವುದು ಬರೆದವರ ಹೆಸರು ಹೇಳಲೇಬೇಕು ಎನ್ನುವ ಪರವಾನಗಿಯಲ್ಲಿ. ಹಾಗಾಗಿ ಇದು ಬರೀ ಸೌಜನ್ಯದ ಪ್ರಶ್ನೆಯಲ್ಲ, ನಿಯಮದ್ದು. ಎರಡು, ಬೇರೆ ಭಾಷೆಗಳ ಕೊಂಡಿ. ಪುಟದ ಪಕ್ಕದಲ್ಲೋ ಮೇಲೋ ಇಂಗ್ಲಿಷ್, ಹಿಂದಿ, ತಮಿಳು ಅಂತ ಪಟ್ಟಿ ಕಾಣುತ್ತದಲ್ಲ, ಅದು ಎಲ್ಲ ಭಾಷೆಯ ಪುಟಗಳನ್ನು ಜೋಡಿಸುವ ವಿಕಿಡೇಟಾ ಎಂಬ ತಾಣದಿಂದ ಬರುತ್ತದೆ. ಸರಿಯಾಗಿ ಸ್ಥಳಾಂತರಿಸಿದರೆ ವಿಕಿಡೇಟಾ ತಾನೇ ಹೊಸ ಹೆಸರು ಹಿಡಿಯುತ್ತದೆ. ಅಂಟಿಸಿದರೆ ಹೊಸ ಪುಟ ಅನಾಥ. ಮೂರನೆಯದು ಚರ್ಚೆ ಪುಟ. ಅದು ಹಿಂದೆಯೇ ಬಿದ್ದಿರುತ್ತದೆ.

ಕೆಲವೊಮ್ಮೆ ಹೊಸ ಹೆಸರಿನಲ್ಲಿ ಆಗಲೇ ಒಂದು ಪುಟ ಇರುತ್ತದೆ, ಸ್ಥಳಾಂತರ ಆಗುವುದಿಲ್ಲ ಎಂಬ ಸಂದೇಶ ಬರುತ್ತದೆ. ಅಲ್ಲಿರುವುದು ನಿಮ್ಮ ಪುಟಕ್ಕೇ ತೋರಿಸುವ, ಒಂದೇ ಸಲ ಬರೆದ ಪುನರ್ನಿರ್ದೇಶನವಾಗಿದ್ದರೆ ತೊಂದರೆ ಬರುವುದಿಲ್ಲ. ಅದನ್ನು ಯಾರಾದರೂ ಆಮೇಲೆ ತಿದ್ದಿದ್ದರೆ ನಿರ್ವಾಹಕರೇ ಬೇಕು. ಕೇಳಿ, ಕಾಯಿರಿ. ಸುಮ್ನೆ ಹೆಸರಿನ ಮುಂದೆ ಒಂದು ಚುಕ್ಕೆ ಸೇರಿಸಿ ದಾರಿ ಮಾಡಿಕೊಳ್ಳುವ ಜಾಣರಿದ್ದಾರೆ, ಅಂಥವರಾಗಬೇಡಿ.

ಸ್ಥಳಾಂತರ ಮುಗಿದ ಮೇಲೆ ಹಳೇ ಹೆಸರು ತಾನಾಗಿ ಪುನರ್ನಿರ್ದೇಶನ ಆಗುತ್ತದೆ. ಅದನ್ನು ಅಳಿಸಲು ಹೇಳಬೇಡಿ, ಹಳೇ ಹೆಸರಿನಲ್ಲಿ ಹುಡುಕುವವರು ಇನ್ನೂ ವರ್ಷಾನುಗಟ್ಟಲೆ ಇರುತ್ತಾರೆ. ಈ ಪುಟಕ್ಕೆ ಎಲ್ಲೆಲ್ಲಿಂದ ಕೊಂಡಿ ಇದೆ ಎಂದು ತೋರಿಸುವ ಆಯ್ಕೆ ಇದೆ, ಅದನ್ನು ಒಮ್ಮೆ ನೋಡಿ. ಒಂದು ಪುನರ್ನಿರ್ದೇಶನ ಇನ್ನೊಂದು ಪುನರ್ನಿರ್ದೇಶನಕ್ಕೆ ತೋರಿಸುತ್ತಿದ್ದರೆ ಓದುಗ ನಡುದಾರಿಯಲ್ಲಿ ನಿಂತುಬಿಡುತ್ತಾನೆ. ಅಂಥವನ್ನು ನೇರ ಹೊಸ ಹೆಸರಿಗೆ ತಿರುಗಿಸಿ.

ಒಳಗಿನ ವಿವರ

ಮೊದಲ ವಾಕ್ಯ, ಪುಟದ ಪಕ್ಕದಲ್ಲಿ ಮುಖ್ಯ ವಿವರ ತೋರಿಸುವ ಮಾಹಿತಿ ಚೌಕ: ಈ ಎರಡೂ ಕಡೆ ಹೆಸರು ಒಂದೇ ಥರ ಇರಲಿ. ಆದರೆ ಹಳೇ ಸುದ್ದಿಯ ತಲೆಬರಹದಲ್ಲಿ, ಹಳೇ ಪುಸ್ತಕದ ಹೆಸರಿನಲ್ಲಿ 'ಟುಮ್ಕುರ್' ಇದ್ದರೆ ಮುಟ್ಟಬೇಡಿ. ಎಲ್ಲ ಕಡೆ ಒಟ್ಟಿಗೆ ಬದಲಿಸುವ ಬಟನ್ ಇದೆಯಲ್ಲ, ಅದು ಈ ಕೆಲಸದ ದೊಡ್ಡ ಶತ್ರು. ಜಾಲತಾಣದ ವಿಳಾಸವನ್ನೂ ತಿದ್ದಿಬಿಡುತ್ತದೆ, ಆಮೇಲೆ ಕೊಂಡಿ ತೆರೆಯುವುದೇ ಇಲ್ಲ.

ಹುದ್ದೆಗಳ ಹೆಸರಲ್ಲಿ ಎಚ್ಚರ. ಇಂಗ್ಲಿಷಿನ ಚಾನ್ಸಲರ್ ನಮ್ಮಲ್ಲಿ ಕುಲಾಧಿಪತಿ, ಅಂದರೆ ರಾಜ್ಯಪಾಲರು. ವೈಸ್ ಚಾನ್ಸಲರ್ ಕುಲಪತಿ. ರಿಜಿಸ್ಟ್ರಾರ್ ಕುಲಸಚಿವ. ವೈಸ್ ಅಂದರೆ ಉಪ ಅಂತ ತರ್ಜುಮೆ ಮಾಡಿ 'ಉಪಕುಲಪತಿ' ಬರೆಯುತ್ತಾರೆ, ರಾಜ್ಯಪಾಲರನ್ನು ಕುಲಪತಿ ಮಾಡುತ್ತಾರೆ. ಹಳೇ ಬರಹಗಳಲ್ಲಿ ಉಪಕುಲಪತಿ ಎಂಬ ಮಾತು ಇತ್ತು, ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿವಿಯಲ್ಲಿ ಇದ್ದ ಹುದ್ದೆಯನ್ನು ಹಾಗೇ ಬರೆದಿರುವುದು ಕಾಣುತ್ತದೆ. ಇವತ್ತಿನ ಪುಟಕ್ಕೆ ಅದು ಬೇಡ. ಕುಲಪತಿಯ ಅವಧಿ ನಾಲ್ಕು ವರ್ಷ, ನಡುವೆ ಪ್ರಭಾರ ಕುಲಪತಿಗಳು ಬರುತ್ತಾರೆ. ಯಾರ ಹೆಸರು ಹಾಕಿದರೂ ಯಾವಾಗಿನಿಂದ ಎಂದು ಬರೆಯಿರಿ. ಪ್ರಭಾರ ಅಂದರೆ ಪ್ರಭಾರ ಅಂತಲೇ ಬರೆಯಿರಿ.

ಸಂಖ್ಯೆಗಳಿಗೂ ಇದೇ ಮಾತು. 'ಈಗ ಇಷ್ಟು ಕಾಲೇಜುಗಳಿವೆ' ಎಂದು ಬರೆದರೆ ಆ 'ಈಗ' ಎರಡು ವರ್ಷದಲ್ಲಿ ಸುಳ್ಳಾಗುತ್ತದೆ. ವರ್ಷ ಹಾಕಿ. ನ್ಯಾಕ್ (ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ಮಂಡಳಿ) ಕೊಟ್ಟ ಶ್ರೇಣಿ ಹಾಕುವಾಗ ಎಷ್ಟನೇ ಸುತ್ತು, ಯಾವ ವರ್ಷ ಎಂದು ಬರೆಯಿರಿ. ತುಮಕೂರು ವಿವಿ ಶುರುವಾದದ್ದು 2004ರಲ್ಲಿ. ಅದರ ಪುಟದಲ್ಲಿ ವಿಳಾಸ ನೋಡುವಾಗ ಬಿ.ಎಚ್. ರಸ್ತೆಯ ಹಳೇ ಆವರಣ, ಬಿದರಕಟ್ಟೆಯ ಜ್ಞಾನಸಿರಿ ಆವರಣ ಎರಡನ್ನೂ ಕಲಸಬೇಡಿ. ಯಾವ ವಿಭಾಗ ಎಲ್ಲಿದೆ ಎಂದು ಹೋಗಿ ನೋಡಿದರೂ ಸಾಲದು, ಪ್ರಕಟವಾದ ಆಧಾರ ಬೇಕು. ಇನ್ನು ಚಿಕ್ಕಬಳ್ಳಾಪುರ, ಚಿಂತಾಮಣಿಯ ಕಾಲೇಜುಗಳನ್ನು ಕೋಲಾರ ಜಿಲ್ಲೆ ಎಂದು ಬರೆದಿದ್ದರೆ ತಿದ್ದಿ. 2007ರಿಂದ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ.

ವಿವಿಯ ಕಚೇರಿಯಿಂದ ವರ್ಡ್ ಕಡತ ಸಿಕ್ಕಿತು ಅಂದುಕೊಳ್ಳಿ. ಅದು ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿದ್ದರೆ ಅಂಟಿಸಿದ ಕೂಡಲೇ ಅರ್ಥವಿಲ್ಲದ ಗೀಚು ಮೂಡುತ್ತದೆ. ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಸಾಧನಗಳಿವೆ, ಬಳಸಿ. ಆದರೆ ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರ ಕಣ್ಣಿಟ್ಟು ನೋಡಿ. ಯಂತ್ರಾನುವಾದ ಮಾತ್ರ ಬೇಡವೇ ಬೇಡ. 2010ರ ಆಸುಪಾಸಿನಲ್ಲಿ ಗೂಗಲ್ ತರ್ಜುಮೆ ಸಾಧನದಿಂದ ಬಂದ ಲೇಖನಗಳನ್ನು ಕನ್ನಡ ವಿಕಿಪೀಡಿಯದವರು ಇನ್ನೂ ತೊಳೆಯುತ್ತಿದ್ದಾರೆ.

'ನಾಡಿನ ಹೆಮ್ಮೆಯ', 'ಉತ್ಕೃಷ್ಟ ಶಿಕ್ಷಣದ ತಾಣ' ಇವೆಲ್ಲ ಕರಪತ್ರಕ್ಕೆ ಸರಿ, ಇಲ್ಲಿ ಅಳಿಸಿ. ಜಾಲತಾಣದ ಪ್ಯಾರಾಗಳನ್ನು ಎತ್ತಿ ಹಾಕಿದರೆ ಕೃತಿಸ್ವಾಮ್ಯದ ಕಾರಣಕ್ಕೆ ಯಾರೋ ತೆಗೆಯುತ್ತಾರೆ. ಲಾಂಛನವನ್ನು ಕಾಮನ್ಸ್‌ಗೆ (ವಿಕಿಪೀಡಿಯಕ್ಕೆ ಮುಕ್ತ ಚಿತ್ರಗಳನ್ನು ಒದಗಿಸುವ ತಾಣ) ಏರಿಸಬೇಡಿ. ಕಟ್ಟಡದ ಫೋಟೊ ನೀವೇ ತೆಗೆದದ್ದಾದರೆ ಏರಿಸಿ.

ನೀವು ಅಲ್ಲೇ ಕೆಲಸ ಮಾಡುವವರಾದರೆ ನಿಮ್ಮ ಸದಸ್ಯ ಪುಟದಲ್ಲಿ ಹೇಳಿಕೊಳ್ಳಿ. "ವಿಕಿಪೀಡಿಯ ಸ್ವಲ್ಪ ನೋಡ್ಕೊಳಪ್ಪ" ಅಂತ ಈ ಕೆಲಸ ಸಾಮಾನ್ಯವಾಗಿ ಅತಿಥಿ ಉಪನ್ಯಾಸಕರ ತಲೆಗೆ ಬೀಳುತ್ತದೆ. ಸಂಬಳದ ಕೆಲಸದ ಭಾಗವಾಗಿ ಬರೆಯುವವರು ಅದನ್ನು ತಿಳಿಸುವುದು ಕಡ್ಡಾಯ. ಪುಟವನ್ನು ನೇರ ತಿದ್ದುವ ಬದಲು ಚರ್ಚೆ ಪುಟದಲ್ಲಿ ಕೇಳಿ ಬೇರೆಯವರಿಂದ ಮಾಡಿಸುವುದು ಇನ್ನೂ ಒಳ್ಳೆಯದು.

ಎಲ್ಲ ಆದ ಮೇಲೆ ಮೇಲಿರುವ ನಕ್ಷತ್ರದ ಗುರುತು ಒತ್ತಿ. ಆ ಪುಟ ನಿಮ್ಮ ವೀಕ್ಷಣಾಪಟ್ಟಿಗೆ ಸೇರುತ್ತದೆ. ಹೊಸ ಕುಲಪತಿಯ ಆದೇಶ ಸಂಜೆ ಹೊರಬಿದ್ದರೆ ರಾತ್ರಿಯೊಳಗೆ ಮೂರು ಜನ ಮೂರು ಥರ ಹೆಸರು ಬರೆದಿರುತ್ತಾರೆ, ಅದರಲ್ಲಿ ಒಬ್ಬರಾದರೂ 'ಉಪಕುಲಪತಿ' ಅಂದಿರುತ್ತಾರೆ.