ಶ್ರೇಯಾಂಕ ಒಂದೇ ಆದಾಗ ಯಾವ ವಿಶ್ವವಿದ್ಯಾಲಯಕ್ಕೆ ಅರ್ಜಿ?

ಎರಡು ಖಾಸಗಿ ವಿಶ್ವವಿದ್ಯಾಲಯಗಳು ಕೇಂದ್ರ ಸರ್ಕಾರದ ಶಿಕ್ಷಣ ಸಂಸ್ಥೆಗಳ ಶ್ರೇಯಾಂಕ ಪಟ್ಟಿಯಾದ ಎನ್‌ಐಆರ್‌ಎಫ್‌ನ 101–150ರ ಗುಂಪಿನಲ್ಲಿದ್ದರೆ, ಪಟ್ಟಿಯಲ್ಲಿ ಮೇಲಿರುವುದೇ ಉತ್ತಮವೆಂದು ಭಾವಿಸಬಾರದು. ಆ ಗುಂಪಿನೊಳಗೆ ಹೆಸರುಗಳನ್ನು ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ ಜೋಡಿಸಿರುತ್ತಾರೆ, ಅಷ್ಟೆ. ಶೇ 30ರಷ್ಟು ಅಂಕ ಸಂಶೋಧನೆಗೇ ಮೀಸಲಾಗಿರುವುದರಿಂದ ಬಿ.ಟೆಕ್ ಸೇರಬಯಸುವವರಿಗೆ ಶ್ರೇಯಾಂಕವೊಂದೇ ಸಾಲದು.

ಎನ್‌ಐಆರ್‌ಎಫ್‌ಗೆ ಸಲ್ಲಿಸಿದ ದತ್ತಾಂಶ ಆಯಾ ಸಂಸ್ಥೆಯ ಜಾಲತಾಣದಲ್ಲಿ ಸಿಗುತ್ತದೆ. ಎರಡೂ ವಿಶ್ವವಿದ್ಯಾಲಯಗಳ ದತ್ತಾಂಶವನ್ನು ಪಕ್ಕಪಕ್ಕ ತೆರೆದು, ನಾಲ್ಕು ವರ್ಷದ ಪದವಿಯ ಸಾಲಿನಲ್ಲಿ ಮೊದಲ ವರ್ಷಕ್ಕೆ ಸೇರಿದವರೆಷ್ಟು, ನಿಗದಿತ ಅವಧಿಯಲ್ಲಿ ಮುಗಿಸಿದವರೆಷ್ಟು, ಕೆಲಸ ಸಿಕ್ಕವರೆಷ್ಟು ಎಂಬುದನ್ನು ಬರೆದುಕೊಳ್ಳಿ. ಉದಾಹರಣೆಗೆ, 1,000 ಮಂದಿ ಪದವಿ ಪಡೆದು 450 ಮಂದಿಗಷ್ಟೇ ಕೆಲಸ ಸಿಕ್ಕಿದ್ದರೆ, ಆ 450 ಮಂದಿಯ ಮಧ್ಯಾಂಕ ವೇತನ (ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ವೇತನ) ಎಷ್ಟೇ ಆಕರ್ಷಕವಾಗಿದ್ದರೂ ಉಳಿದವರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಫ್ಲೆಕ್ಸ್‌ಗಳಲ್ಲಿ ಮೆರೆಯುವ ‘ಗರಿಷ್ಠ ಪ್ಯಾಕೇಜ್’ ಬಹುಮಟ್ಟಿಗೆ ಒಬ್ಬಿಬ್ಬರದ್ದು. ಅದನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಒಳ್ಳೆಯದು.

ಗುಣಮಟ್ಟ ಅಳೆಯುವ ಎರಡು ರಾಷ್ಟ್ರೀಯ ಸಂಸ್ಥೆಗಳಲ್ಲಿ ನ್ಯಾಕ್ ಕೊಡುವ ಶ್ರೇಣಿ ಇಡೀ ಸಂಸ್ಥೆಗೆ, ಎನ್‌ಬಿಎ ಕೊಡುವ ಮಾನ್ಯತೆ ಒಂದೊಂದು ಕೋರ್ಸಿಗೆ ಸಂಬಂಧಿಸಿದ್ದು. ಹಾಗಾಗಿ ನಿಮ್ಮ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದೆಯೇ, ಎಲ್ಲಿಯವರೆಗೆ ಇದೆ ಎಂದು ಪರಿಶೀಲಿಸಿ.

ಕರ್ನಾಟಕದಲ್ಲಾದರೆ, ಸಿಇಟಿ ಮೂಲಕ ಸಿಗುವ ಸೀಟಿಗೂ ಆಡಳಿತ ಮಂಡಳಿಯ ಸೀಟಿಗೂ ಶುಲ್ಕದಲ್ಲಿ ಭಾರಿ ಅಂತರವಿರುವುದರಿಂದ, ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪ್ರಕಟಿಸಿರುವ ಹಿಂದಿನ ವರ್ಷದ ಕಟ್‌ಆಫ್ ರ‍್ಯಾಂಕ್ (ಸೀಟು ಸಿಕ್ಕ ಕೊನೆಯ ರ‍್ಯಾಂಕ್) ನೋಡಿಕೊಂಡ ಮೇಲೆಯೇ ಅರ್ಜಿ ಶುಲ್ಕ ಕಟ್ಟಿ.